‘ನಾನು ಅವರಂಥವನಲ್ಲ’: ಕುಡಿತ ಬಿಡುವವರ ಗುಂಪಿಗೆ ಹೋಗಲು ಹಿಂಜರಿಯುವವರಿಗೆ

ಪ್ರಶ್ನೆ: ಡಾಕ್ಟರೇ, ನನಗೆ 49 ವರ್ಷ. ಜಲಸಂಪನ್ಮೂಲ ಇಲಾಖೆಯಲ್ಲಿ ಎಂಜಿನಿಯರ್. ಆರೇಳು ವರ್ಷಗಳಿಂದ ಪ್ರತಿ ರಾತ್ರಿ ಕುಡಿಯುತ್ತೇನೆ. ಮೊದಲು ಕ್ವಾರ್ಟರ್ ಸಾಕಾಗುತ್ತಿತ್ತು, ಈಗ ಹಾಫ್ ಬೇಕು. ಒಳ್ಳೆಯ ವಿಸ್ಕಿಯನ್ನೇ ಕುಡಿಯುತ್ತೇನೆ, ಒಂದು ದಿನವೂ ಕಚೇರಿ ತಪ್ಪಿಸಿಲ್ಲ. ನಾಲ್ಕು ವರ್ಷದ ಹಿಂದೆ ಅಯ್ಯಪ್ಪ ಮಾಲೆ ಹಾಕಿದಾಗ ಹನಿಯೂ ಮುಟ್ಟದೆ 41 ದಿನದ ವ್ರತ ಮುಗಿಸಿದ್ದೇನೆ. ಈ ಯುಗಾದಿಗೆ ಬಿಡಬೇಕೆಂದು ನಿಲ್ಲಿಸಿದೆ. ಎರಡು ರಾತ್ರಿ ನಿದ್ದೆ ಇಲ್ಲ, ಮೈಯೆಲ್ಲ ಬೆವರು, ಕೈ ನಡುಕ. ನಿದ್ದೆಗೆಟ್ಟಿದ್ದಕ್ಕೋ ಏನೋ ಗೋಡೆಯ ಮೇಲೆ ಹುಳು ಹರಿದಂತೆ ಕಂಡಿತು. ಮೂರನೆಯ ದಿನ ಕುಡಿದ ಮೇಲೆ ಸರಿಹೋಯಿತು. ವೈದ್ಯರೊಬ್ಬರು ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಸಭೆಗೆ ಹೋಗಿ ಎಂದರು. ಒಮ್ಮೆ ಹೋದೆ. ಆಟೊ ಚಾಲಕರು, ಹಮಾಲಿ ಕೆಲಸದವರು ಇದ್ದರು. ನಮ್ಮದೇ ಇಲಾಖೆಯಿಂದ ನಿವೃತ್ತರಾದ ಅಟೆಂಡರ್ ಒಬ್ಬರು ‘ಬನ್ನಿ ಸಾಹೇಬರೇ’ ಎಂದು ಪಕ್ಕದಲ್ಲಿ ಕೂರಿಸಿಕೊಂಡರು. ಕುಡಿದು ಬಂದಿದ್ದಕ್ಕೆ ಒಂದು ಕಾಲದಲ್ಲಿ ಅಮಾನತಾಗಿದ್ದವರು ಅವರು. ಅವರಿಂದ ನಾನೇನು ಕಲಿಯಲಿ? ಕೊನೆಗೆ ಪ್ರಾರ್ಥನೆ ಮಾಡಿದರು. ದೇವರನ್ನು ನಂಬದವನಲ್ಲ ನಾನು, ಆದರೆ ರೋಗಕ್ಕೆ ಪ್ರಾರ್ಥನೆ ಮದ್ದೆಂದು ಒಪ್ಪಲಾರೆ. ‘ಮದ್ಯದ ಮುಂದೆ ನಾವು ಶಕ್ತಿಹೀನರು’ ಎಂದು ಒಪ್ಪಿಕೊಳ್ಳಬೇಕಂತೆ, ಸಾಯುವವರೆಗೂ ವ್ಯಸನಿ ಎಂದೇ ಹೇಳಿಕೊಳ್ಳಬೇಕಂತೆ. ಮಾತನಾಡಿದರೆ ಕುಡಿತ ಬಿಡುವುದೇ? ಇದಕ್ಕೆ ವೈಜ್ಞಾನಿಕ ಆಧಾರವಿದೆಯೇ? ಮಾತ್ರೆಯಿಂದ ಆಗುವುದಿಲ್ಲವೇ? ನನ್ನ ಪತ್ನಿ ಯಾರದೋ ಮಾತು ಕೇಳಿ ಊಟದಲ್ಲಿ ಔಷಧ ಬೆರೆಸುವ ಯೋಚನೆಯಲ್ಲಿದ್ದಾರೆಂಬ ಅನುಮಾನವೂ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು, ನೀವು ಮಾತಿನ ನಡುವೆ ಹೇಳಿ ದಾಟಿಹೋಗಿರುವ ಸಾಲು. ಗೋಡೆಯ ಮೇಲೆ ಹುಳು ಹರಿದಂತೆ ಕಂಡದ್ದು ನಿದ್ದೆಗೇಡಿನಿಂದಲ್ಲ. ವರ್ಷಗಟ್ಟಲೆ ದಿನವೂ ಮದ್ಯಕ್ಕೆ ಒಗ್ಗಿದ ಮಿದುಳಿಗೆ ಅದು ಇದ್ದಕ್ಕಿದ್ದಂತೆ ಸಿಗದಿದ್ದಾಗ ಆಗುವ ತೊಂದರೆ ಅದು. ಮದ್ಯ ಮಿದುಳನ್ನು ಮಂಕಾಗಿಸುತ್ತದೆ. ಆ ಮಂಕಿನಲ್ಲೂ ಕೆಲಸ ಸಾಗಲೆಂದು ಮಿದುಳು ತನ್ನ ಉದ್ರೇಕವನ್ನು ಏರಿಸಿಕೊಂಡೇ ಇರುತ್ತದೆ. ಮದ್ಯ ನಿಂತ ದಿನ ಆ ಉದ್ರೇಕಕ್ಕೆ ತಡೆಯಿಲ್ಲ. ನಡುಕ, ಬೆವರು, ನಿದ್ರಾಹೀನತೆ ಮೊದಲ ದಿನವೇ ಬರುತ್ತವೆ. ಕೊನೆಯ ಬಾರಿ ಕುಡಿದ 6ರಿಂದ 48 ಗಂಟೆಯೊಳಗೆ ಕೆಲವರಿಗೆ ಫಿಟ್ಸ್ ಬರಬಹುದು. ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದ ನಡುವೆ ಡೆಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿ ಬರಬಹುದು: ದಿಕ್ಕು ತೋಚದ ಗೊಂದಲ, ಜ್ವರ, ಇಲ್ಲದ್ದು ಕಾಣುವುದು, ಇಲ್ಲದ್ದು ಕೇಳುವುದು. ಚಿಕಿತ್ಸೆ ಸಿಗದಿದ್ದರೆ ಇದರಿಂದ ಸಾವೂ ಆಗುತ್ತದೆ. ಒಮ್ಮೆ ಇಂಥ ಲಕ್ಷಣ ಕಂಡವರಿಗೆ ಮುಂದಿನ ಸಲ ಅದು ಇನ್ನೂ ತೀವ್ರವಾಗುವ ಸಾಧ್ಯತೆ ಹೆಚ್ಚು.

ಹಾಗಾಗಿ ಮನೆಯಲ್ಲಿ ಒಬ್ಬರೇ, ಹಟ ಹಿಡಿದು, ಒಂದೇ ದಿನದಲ್ಲಿ ನಿಲ್ಲಿಸಬೇಡಿ. ಕುಡಿಯುವುದನ್ನು ಮುಂದುವರಿಸಿ ಎಂದು ನಾನು ಹೇಳುತ್ತಿಲ್ಲ. ಈ ವಾರವೇ ಮನೋವೈದ್ಯರನ್ನು ಕಂಡು, ಅವರ ನಿಗಾದಲ್ಲಿ ನಿಲ್ಲಿಸಿ ಎನ್ನುತ್ತಿದ್ದೇನೆ. ನಿಮ್ಮದು ಜಿಲ್ಲಾ ಕೇಂದ್ರವಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೇ ಹೋಗಬಹುದು. ನಿಮ್ಮ ಪ್ರಮಾಣ ಮತ್ತು ಆ ಹುಳುಗಳ ಕಥೆ ಕೇಳಿದರೆ ಕೆಲವು ದಿನ ದಾಖಲಾಗಿ ಎಂದೇ ಅವರು ಹೇಳಬಹುದು, ಒಪ್ಪಿಕೊಳ್ಳಿ. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಲೊರಾಜೆಪಾಮ್‌ನಂಥ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ಕೊಡುತ್ತಾರೆ, ಜೊತೆಗೆ ಥಯಾಮಿನ್ ಅಂದರೆ ಬಿ1 ಜೀವಸತ್ವದ ಇಂಜೆಕ್ಷನ್. ಊರಿನ ಸಣ್ಣ ಕ್ಲಿನಿಕ್ಕಿನಲ್ಲಿ ಸುಸ್ತಿಗೆಂದು ಗ್ಲೂಕೋಸ್ ಹಾಕಿಸಿಕೊಳ್ಳುವ ರೂಢಿ ಇದೆಯಲ್ಲ, ಅಲ್ಲಿ ಎಚ್ಚರವಿರಲಿ. ಬಿ1 ಕೊರತೆ ಇರುವ ಕುಡಿತದ ರೋಗಿಗೆ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಕುಡಿತದ ವಿಷಯ ಮುಚ್ಚಿಟ್ಟು ಚಿಕಿತ್ಸೆ ಪಡೆಯುವ ಗೌರವಸ್ಥರಿಗೇ ಈ ಅಪಾಯ ಜಾಸ್ತಿ.

ಇಷ್ಟಾದ ಮೇಲೆ ಗುಂಪಿನ ಮಾತು. ನಿಮ್ಮ ಪತ್ರದಲ್ಲಿ ಸಂಶಯವೂ ಇದೆ, ತಾತ್ಸಾರವೂ ಇದೆ. ಎರಡೂ ಒಂದೇ ಉಸಿರಿನಲ್ಲಿ ಬಂದಿರುವುದರಿಂದ ನಿಮಗೆ ಒಂದೇ ಎನಿಸಿರಬಹುದು. ಆಧಾರವೇನು, ದೇವರೇಕೆ, ಮಾತಿನಿಂದ ಹೇಗೆ ಎಂಬವು ಸಂಶಯಗಳು. ಅವು ನ್ಯಾಯವಾದ ಪ್ರಶ್ನೆಗಳು, ಉತ್ತರವೂ ಇದೆ. ‘ಅವರಿಂದ ನಾನೇನು ಕಲಿಯಲಿ’ ಎಂಬುದು ಪ್ರಶ್ನೆಯಲ್ಲ. ನನ್ನ ಕೊಠಡಿಗೆ ಬರುವ ಪ್ರಾಧ್ಯಾಪಕರು, ವ್ಯಾಪಾರಿಗಳು, ನನ್ನದೇ ವೃತ್ತಿಯ ವೈದ್ಯರು ಬೇರೆ ಬೇರೆ ಮಾತಿನಲ್ಲಿ ಇದನ್ನೇ ಹೇಳುತ್ತಾರೆ. ಅದು ಬಂದ ಕೂಡಲೇ ಸಭೆಗೆ ಹೋಗುವುದು ನಿಲ್ಲುತ್ತದೆ, ಕುಡಿತ ನಿಲ್ಲುವುದಿಲ್ಲ.

ಮೊದಲು ಆಧಾರ. 2020ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಅವುಗಳಲ್ಲಿದ್ದ 10,565 ಜನರ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸಿತು. ಚಿಕಿತ್ಸಕರು ಕ್ರಮಬದ್ಧವಾಗಿ ಎಎ ಗುಂಪಿಗೆ ಜೋಡಿಸಿದವರಲ್ಲಿ ಒಂದು ವರ್ಷದ ನಂತರ ಪೂರ್ತಿ ಕುಡಿಯದೇ ಉಳಿದವರು ಸುಮಾರು ಶೇ. 42, ಬೇರೆ ಮನೋಚಿಕಿತ್ಸೆ ಪಡೆದವರಲ್ಲಿ ಶೇ. 35. ಈ ಅಂತರ ಪವಾಡವಲ್ಲ, ನಗಣ್ಯವೂ ಅಲ್ಲ, ಏಕೆಂದರೆ ಹೋಲಿಕೆ ನಡೆದದ್ದು ಏನೂ ಚಿಕಿತ್ಸೆ ಇಲ್ಲದವರ ಜೊತೆಗಲ್ಲ, ಒಳ್ಳೆಯ ಚಿಕಿತ್ಸೆ ಪಡೆದವರ ಜೊತೆಗೆ. ಎರಡು ಮಿತಿಗಳನ್ನೂ ಹೇಳಬೇಕು. ಬಹುತೇಕ ಅಧ್ಯಯನಗಳು ಅಮೆರಿಕದವು. ಜೊತೆಗೆ, ‘ಹೋಗಿ ನೋಡಿ’ ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸುವುದಕ್ಕಿಂತ, ಹೋದಿರಾ, ಏನಾಯಿತು ಎಂದು ವಿಚಾರಿಸುತ್ತಾ ಬೆನ್ನಿಗೆ ನಿಲ್ಲುವ ವೈದ್ಯರಿದ್ದಾಗ ಈ ಫಲ ಚೆನ್ನಾಗಿ ಕಂಡಿದೆ. ಆದ್ದರಿಂದ ಗುಂಪೋ ವೈದ್ಯರೋ ಎಂದು ಆರಿಸಿಕೊಳ್ಳುವ ಅಗತ್ಯ ನಿಮಗಿಲ್ಲ.

ಮಾತಿನಿಂದ ಕುಡಿತ ಬಿಡುವುದೇ ಎಂದಿರಿ. ಬರೀ ಮಾತಿನಿಂದಲ್ಲ. ನೀವು ಬಾಟಲಿ ತೆರೆಯುವ ಹೊತ್ತು ಯಾವುದು? ಎಎ ಸಭೆಗಳು ಹೆಚ್ಚಾಗಿ ಅದೇ ಸಂಜೆಯ ಹೊತ್ತಿಗೆ ಇರುತ್ತವೆ. ಆ ಒಂದೂವರೆ ಗಂಟೆ ನೀವು ಕುಡಿಯದ ಜನರ ನಡುವೆ ಇರುತ್ತೀರಿ. ಇಂದು ನಿಮ್ಮ ಸಂಜೆಯ ಗೆಳೆಯರಲ್ಲಿ ಕುಡಿಯದವರು ಎಷ್ಟು ಜನ ಎಂದು ಎಣಿಸಿ ನೋಡಿ. ಗುಂಪು ಕೆಲಸ ಮಾಡುವ ಮುಖ್ಯ ದಾರಿ ಇದೇ ಎಂದು ಸಂಶೋಧನೆಗಳೂ ತೋರಿಸಿವೆ: ಒಡನಾಟ ಬದಲಾಗುತ್ತದೆ, ಮದುವೆಮನೆಯಲ್ಲಿ, ಗುತ್ತಿಗೆದಾರರ ಪಾರ್ಟಿಯಲ್ಲಿ ಬೇಡ ಎನ್ನುವ ಧೈರ್ಯ ನಿಧಾನವಾಗಿ ಬೆಳೆಯುತ್ತದೆ. ರಾತ್ರಿ ಹನ್ನೊಂದಕ್ಕೆ ತಲಬು ಎದ್ದಾಗ ನಾನು ಫೋನಿಗೆ ಸಿಗದಿರಬಹುದು. ಸ್ಪಾನ್ಸರ್ ಎಂದು ಅಲ್ಲಿ ಕರೆಯುವ ಹಿರಿಯ ಸದಸ್ಯರು ಸಿಗುತ್ತಾರೆ.

ದೇವರ ವಿಷಯಕ್ಕೆ ಬರೋಣ. ಎಎ ಶುರುವಾದದ್ದು 1935ರಲ್ಲಿ, ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಊರಿನಲ್ಲಿ. ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರು, ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು, ಇಬ್ಬರೂ ಕುಡಿತದಿಂದ ಬದುಕು ಕೆಡಿಸಿಕೊಂಡವರು, ಪರಸ್ಪರ ಮಾತನಾಡಿಕೊಂಡೇ ಕುಡಿಯದೆ ಉಳಿದರು. ಕ್ರೈಸ್ತ ಧಾರ್ಮಿಕ ಚಳವಳಿಯೊಂದರ ಪ್ರಭಾವ ಆರಂಭದಲ್ಲಿ ಗಾಢವಾಗಿತ್ತು, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ 1939ರಲ್ಲಿ, ಎಎ ಸದಸ್ಯರು ಅನುಸರಿಸುವ ಹನ್ನೆರಡು ಹೆಜ್ಜೆಗಳು ಅಚ್ಚಾಗುವ ಮೊದಲೇ ಗುಂಪಿನೊಳಗಿನ ನಾಸ್ತಿಕರು ಜಗಳ ತೆಗೆದರು. ದೇವರು ಎಂಬುದರ ಜೊತೆಗೆ ‘ನಾವು ಅರಿತುಕೊಂಡ ರೀತಿಯ’ ಎಂಬ ಮಾತು ಸೇರಿದ್ದು ಹಾಗೆ. ನಿಮ್ಮ ಸಂಶಯ ಆ ಸಂಸ್ಥೆಗೆ ಹೊಸದಲ್ಲ, ಅದರ ಮೂಲ ಬರಹದಲ್ಲೇ ಅದಕ್ಕೆ ಜಾಗ ಸಿಕ್ಕಿದೆ. ಗುಂಪನ್ನೇ ತಮಗಿಂತ ದೊಡ್ಡ ಶಕ್ತಿ ಎಂದುಕೊಂಡು ವರ್ಷಗಟ್ಟಲೆ ಕುಡಿಯದೆ ಇರುವವರನ್ನು ನಾನು ಬಲ್ಲೆ. ಪ್ರಾರ್ಥನೆಯ ಹೊತ್ತಿಗೆ ಸುಮ್ಮನೆ ನಿಂತರೂ ಯಾರೂ ಏನೂ ಅನ್ನುವುದಿಲ್ಲ. ಅಷ್ಟೂ ಸಹಿಸಲಾರೆ ಎನಿಸಿದರೆ ಸ್ಮಾರ್ಟ್ ರಿಕವರಿ ಎಂಬ ಇನ್ನೊಂದು ದಾರಿ ಇದೆ. 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಅದರಲ್ಲಿ ದೇವರ ಮಾತಿಲ್ಲ, ಆಲೋಚನೆ ಮತ್ತು ನಡವಳಿಕೆ ಬದಲಿಸುವ ಅಭ್ಯಾಸಗಳಿವೆ. ಆನ್‌ಲೈನ್ ಸಭೆಗಳು ಸಿಗುತ್ತವೆ, ಆದರೆ ಹೆಚ್ಚಾಗಿ ಇಂಗ್ಲಿಷಿನಲ್ಲಿ. ನಿಮ್ಮ ಊರಿನಲ್ಲಿ, ನಿಮ್ಮ ಭಾಷೆಯಲ್ಲಿ, ಮುಖಾಮುಖಿ ಕುಳಿತು ಮಾತನಾಡುವ ಲಾಭ ಅದರಲ್ಲಿ ಸಿಗುವುದು ಕಷ್ಟ.

‘ಶಕ್ತಿಹೀನ’ ಎಂಬ ಮಾತು ಎಂಜಿನಿಯರಿಗೆ ಚುಚ್ಚುವುದು ಸಹಜ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗೇಟೇ ಇಲ್ಲದ ಮೇಲೆ ಅದನ್ನು ಇಳಿಸುತ್ತೇನೆ ಎಂದು ಯಾರೂ ಹಟ ಹಿಡಿಯಲಿಲ್ಲ. ಇದು ಮುಚ್ಚುವುದಿಲ್ಲ ಎಂದು ಒಪ್ಪಿಕೊಂಡ ಕ್ಷಣದಿಂದ ನಿಜವಾದ ಕೆಲಸ ಶುರುವಾಯಿತು: ನೀರು ಹೊರಬಿಟ್ಟರು, ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ತಡೆಯನ್ನು ಇಳಿಸಿದರು. ಆ ಒಪ್ಪಿಗೆಯಿಂದ ಎಂಜಿನಿಯರುಗಳ ಮರ್ಯಾದೆ ಹೋಗಲಿಲ್ಲ. ಎಎಯ ಮೊದಲ ಹೆಜ್ಜೆಯನ್ನು ನಾನು ಅರ್ಥಮಾಡಿಕೊಂಡಿರುವುದೂ ಇಷ್ಟೇ. ಬದುಕಿನ ಎಲ್ಲದರಲ್ಲೂ ನೀವು ದುರ್ಬಲರೆಂದು ಅದು ಹೇಳುವುದಿಲ್ಲ. ಮೊದಲ ಪೆಗ್ ಒಳಗೆ ಹೋದ ಮೇಲೆ ಎರಡನೆಯದರಲ್ಲಿ ನಿಲ್ಲಿಸುವ ಶಕ್ತಿ ನಿಮಗೀಗ ಉಳಿದಿಲ್ಲ ಎನ್ನುತ್ತದೆ. ಅದು ನಿಜವೋ ಸುಳ್ಳೋ ಎಂಬುದನ್ನು ನಿಮ್ಮ ಕಳೆದ ಒಂದು ವರ್ಷದ ರಾತ್ರಿಗಳೇ ಹೇಳಬೇಕು. ಮೊದಲ ಪೆಗ್ ಮುಟ್ಟದಿರುವ ಜವಾಬ್ದಾರಿ ಮಾತ್ರ ಪೂರ್ತಿ ನಿಮ್ಮದೇ, ಅಲ್ಲಿ ಯಾರೂ ನಿಮಗೆ ರಿಯಾಯಿತಿ ಕೊಡುವುದಿಲ್ಲ.

ಸಾಯುವವರೆಗೂ ವ್ಯಸನಿ ಎಂದು ಹೇಳಿಕೊಳ್ಳಬೇಕು ಎಂಬುದು ನಿಯಮವಲ್ಲ, ರೂಢಿ. ಸದಸ್ಯತ್ವಕ್ಕೆ ಎಎ ಕೇಳುವುದು ಒಂದನ್ನೇ: ಕುಡಿತ ಬಿಡುವ ಬಯಕೆ. ಶುಲ್ಕವಿಲ್ಲ, ನೋಂದಣಿ ಪುಸ್ತಕವಿಲ್ಲ. ಬರೀ ಹೆಸರು ಹೇಳಿ, ‘ಇವತ್ತು ಕೇಳಿಸಿಕೊಳ್ಳಲು ಬಂದಿದ್ದೇನೆ’ ಎಂದು ಕುಳಿತರೆ ಸಾಕು.

ಒಳ್ಳೆಯ ವಿಸ್ಕಿ, ತಪ್ಪದ ಹಾಜರಿ, ಇವೆರಡನ್ನೂ ನೀವು ಸಾಕ್ಷಿಯಂತೆ ಮುಂದಿಟ್ಟಿದ್ದೀರಿ. ಯಕೃತ್ತಿಗೆ ಬ್ರ್ಯಾಂಡ್ ತಿಳಿಯುವುದಿಲ್ಲ. ಹಮಾಲಿ ಕೊಳ್ಳುವ ಅಗ್ಗದ ಸ್ಯಾಶೆಯಲ್ಲೂ ನಿಮ್ಮ ದುಬಾರಿ ಬಾಟಲಿಯಲ್ಲೂ ಇರುವುದು ಎಥನಾಲ್ ಎಂಬ ಒಂದೇ ವಸ್ತು. ಶೇ. 42.8ರ ಸಾಮರ್ಥ್ಯದ 180 ಮಿ.ಲೀ. ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರವಿದೆ. ನಿಮ್ಮ 375 ಮಿ.ಲೀ. ಹಾಫ್‌ನಲ್ಲಿ ಸುಮಾರು 126 ಗ್ರಾಂ, ಅದೂ ಪ್ರತಿದಿನ. ಇನ್ನು ಹಾಜರಿ ತಪ್ಪದಿರುವುದು ಕಾಯಿಲೆ ಇಲ್ಲವೆಂಬುದಕ್ಕೆ ಪುರಾವೆಯಲ್ಲ. ಪ್ರಮಾಣ ಏರಿದೆ, ನಿಲ್ಲಿಸಿದರೆ ಮೈ ಕೇಳುವುದಿಲ್ಲ, ಬಿಡಬೇಕೆಂದರೂ ಬಿಡಲಾಗುತ್ತಿಲ್ಲ. ವೈದ್ಯರು ಅವಲಂಬನೆಯನ್ನು ಗುರುತಿಸುವುದು ಇಂಥ ಲಕ್ಷಣಗಳಿಂದ. ಕಚೇರಿಯ ಹಾಜರಿ ಸಾಮಾನ್ಯವಾಗಿ ಕೊನೆಗೆ ಕುಸಿಯುತ್ತದೆ. ಅದಕ್ಕೂ ಮೊದಲು ಕುಸಿಯುವುದೆಲ್ಲ ಮನೆಯೊಳಗಿನದು.

ಈಗ ಮಾಲೆಯ ವಿಷಯ, ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಆ 41 ದಿನಗಳನ್ನು ನೀವು ಸ್ವಂತ ಮನೋಬಲಕ್ಕೆ ಪುರಾವೆಯಾಗಿ ಬರೆದಿದ್ದೀರಿ. ಶ್ರಾವಣದಲ್ಲಿ ಬಿಟ್ಟಿದ್ದೆ, ಮಾಲೆಯಲ್ಲಿ ಬಿಟ್ಟಿದ್ದೆ ಎಂದು ಹೇಳುವ ನೂರಾರು ಗಂಡಸರನ್ನು ನೋಡಿರುವ ನನಗೆ ಅದು ಬೇರೆಯಾಗಿ ಕಾಣುತ್ತದೆ. ಆ ದಿನಗಳಲ್ಲಿ ನೀವು ಒಬ್ಬರೇ ಇರಲಿಲ್ಲ. ಬೆಳಿಗ್ಗೆ ತಣ್ಣೀರ ಸ್ನಾನ, ಸಂಜೆ ಸನ್ನಿಧಾನದಲ್ಲಿ ಭಜನೆ, ನೆಲದ ಮೇಲೆ ನಿದ್ದೆ, ಎಲ್ಲವೂ ಜೊತೆಯವರೊಂದಿಗೆ. ಕಪ್ಪು ಬಟ್ಟೆ ನೋಡಿದ ಯಾರೂ ನಿಮಗೆ ಗ್ಲಾಸು ನೀಡಲಿಲ್ಲ. ಕಚೇರಿಯ ಚಾಲಕನೂ ಮಾಲೆ ಹಾಕಿದ್ದರೆ ನೀವು ಅವನನ್ನು ‘ಸ್ವಾಮಿ’ ಎಂದೇ ಕರೆದಿರುತ್ತೀರಿ, ಅವನೂ ನಿಮ್ಮನ್ನು ಸಾಹೇಬರೆನ್ನದೆ ‘ಸ್ವಾಮಿ’ ಎಂದಿರುತ್ತಾನೆ. ಗುರುಸ್ವಾಮಿಯಾದವರು ಯಾವ ಹುದ್ದೆಯಲ್ಲಿದ್ದಾರೆಂದು ನೀವು ಕೇಳಲಿಲ್ಲ. ಎಷ್ಟು ವರ್ಷ ಮಲೆ ಹತ್ತಿದ್ದಾರೆ ಎಂಬುದಷ್ಟೇ ಅಲ್ಲಿ ಲೆಕ್ಕ. ಅವರು ಹೇಳಿದಂತೆ ನಡೆದಿರಿ, ಅವರ ಕೈಯಿಂದ ಇರುಮುಡಿ ತಲೆಗೇರಿಸಿಕೊಂಡಿರಿ. ಅದರಿಂದ ನೀವು ಕುಗ್ಗಿದಿರೆಂದು ನಿಮಗಾಗಲೀ ಊರಿಗಾಗಲೀ ಅನಿಸಲಿಲ್ಲ.

ಮಾಲೆ ತೆಗೆದ ಮೇಲೆ ಏನಾಯಿತೆಂದು ನೀವು ಬರೆದಿಲ್ಲ. ನಾನು ಊಹಿಸಬಲ್ಲೆ. ಗುಂಪು ಚದುರಿತು, ಸಂಜೆಗಳು ಖಾಲಿಯಾದವು, ‘ಈಗ ಪರವಾಗಿಲ್ಲ’ ಎಂದು ಗೆಳೆಯರು ಕರೆದರು. ಕುಡಿಯದೆ ಇರಬಲ್ಲಿರಿ ಎಂಬುದನ್ನು ಆ ದಿನಗಳು ತೋರಿಸಿವೆ, ಯಾವ ಸ್ಥಿತಿಯಲ್ಲಿ ಎಂಬುದನ್ನೂ ತೋರಿಸಿವೆ. ಎಎ ಸಭೆಯಲ್ಲಿ ನಿಮಗೆ ಬೇಕಿರುವುದು ಅದೇ ಸ್ಥಿತಿ, ಆದರೆ ದಿನಾಂಕಕ್ಕೆ ಮುಗಿದುಹೋಗದಂಥದ್ದು. ಅಲ್ಲಿಯೂ ಹಿರಿತನ ಎಂದರೆ ಎಷ್ಟು ದಿನದಿಂದ ಕುಡಿಯದೆ ಇದ್ದೀರಿ ಎಂಬುದು. ಆ ಲೆಕ್ಕದಲ್ಲಿ ನಿವೃತ್ತ ಅಟೆಂಡರ್ ನಿಮಗೆ ಹಿರಿಯರು. ಅಮಾನತಾಗಿದ್ದವರು ಎಂದು ಅವರ ಬಗ್ಗೆ ಬರೆದಿದ್ದೀರಿ. ಆಮೇಲೆ ಕೆಲಸಕ್ಕೆ ಮರಳಿ, ನಿವೃತ್ತಿಯವರೆಗೂ ಸೇವೆ ಮುಗಿಸಿದರು ಎಂಬುದು ನಿಮ್ಮದೇ ವಾಕ್ಯದಲ್ಲಿ ಅಡಗಿದೆ. ಅದು ಹೇಗಾಯಿತೆಂದು ಅವರನ್ನು ಕೇಳಿ. ಬಿಟ್ಟ ಮೊದಲ ಹದಿನೈದು ದಿನ ಸಂಜೆ ಏಳರಿಂದ ಹತ್ತರವರೆಗೆ ಏನು ಮಾಡಿದಿರಿ, ಸಂಬಳದ ದಿನ ಯಾವ ದಾರಿಯಲ್ಲಿ ಮನೆಗೆ ಹೋದಿರಿ ಎಂದು ಕೇಳಿ. ಅದಕ್ಕೆ ನನ್ನ ಬಳಿ ಪುಸ್ತಕದ ಉತ್ತರವಿದೆ, ಅವರ ಬಳಿ ನಡೆದು ಬಂದ ಉತ್ತರವಿದೆ.

ಅಹಂ ಎಂದು ಜನ ಕರೆಯುವುದರ ಒಳಗೆ ಸಾಮಾನ್ಯವಾಗಿ ನಾಚಿಕೆ ಇರುತ್ತದೆ. ನಿಮಗೆ ಅಸಹನೆಯಾದದ್ದು ಅಟೆಂಡರ್ ಪಕ್ಕದಲ್ಲಿ ಕುಳಿತದ್ದಕ್ಕಲ್ಲ, ಅವರು ನಿಮ್ಮನ್ನು ಗುರುತಿಸಿದ್ದಕ್ಕೆ ಎಂದು ನನಗನಿಸುತ್ತದೆ. ಇದು ನಿಜವಾದ ಆತಂಕ, ಸುಳ್ಳು ಭರವಸೆ ಕೊಡಲಾರೆ. ವೈದ್ಯರು ನಿಮ್ಮ ಗುಟ್ಟು ಕಾಯಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಎಎ ಸದಸ್ಯರಿಗೆ ಅಂಥ ಕಾನೂನಿನ ಕಟ್ಟಿಲ್ಲ, ಇರುವುದು ಸಂಪ್ರದಾಯದ ಕಟ್ಟು. ಬಹುಮಟ್ಟಿಗೆ ಅದು ಗಟ್ಟಿಯಾಗಿದೆ, ಏಕೆಂದರೆ ಅಲ್ಲಿರುವ ಪ್ರತಿಯೊಬ್ಬರ ಗುಟ್ಟೂ ಉಳಿದವರ ಕೈಯಲ್ಲಿದೆ. ಆದರೂ ಬಾಯಿಬಿಡುವವರು ಇರಬಹುದು. ಅಷ್ಟು ಅಳುಕಿದ್ದರೆ ಪಕ್ಕದ ಊರಿನ ಗುಂಪಿಗೆ ಹೋಗಿ, ಇಲ್ಲವೇ ಸದಸ್ಯರಿಗೆ ಮಾತ್ರ ಪ್ರವೇಶವಿರುವ ಸಭೆಗಳನ್ನು, ಆನ್‌ಲೈನ್ ಸಭೆಗಳನ್ನು ಆರಿಸಿಕೊಳ್ಳಿ. ಒಂದು ಮಾತನ್ನು ಮಾತ್ರ ಗಮನಿಸಿ: ಹಾಫ್ ಬಾಟಲಿಯ ವಾಸನೆ ಮಾರನೆಯ ಬೆಳಿಗ್ಗೆಯೂ ಉಸಿರಿನಲ್ಲಿ ಇರುತ್ತದೆ. ಇಲಾಖೆಯವರಿಗೆ ನಿಮ್ಮ ಕುಡಿತ ತಿಳಿದಿಲ್ಲ ಎಂದು ನಾನು ನಂಬುವುದಿಲ್ಲ.

ಗುಂಪಿನ ಅಪಾಯಗಳೂ ಇವೆ. ಪ್ರತಿ ಎಎ ಗುಂಪು ಸ್ವತಂತ್ರ, ಹಾಗಾಗಿ ಒಂದು ಕಡೆ ಉಪದೇಶ ಹೆಚ್ಚು, ಇನ್ನೊಂದು ಕಡೆ ಮಾತು ಹದವಾಗಿ ಇರಬಹುದು. ಒಂದೇ ಸಭೆಯಿಂದ ತೀರ್ಮಾನಿಸದೆ ಕನಿಷ್ಠ ಆರು ಸಭೆಗಳಿಗೆ, ಸಾಧ್ಯವಾದರೆ ಎರಡು ಬೇರೆ ಗುಂಪುಗಳಿಗೆ ಹೋಗಿ. ಅಲ್ಲಿ ಯಾರಾದರೂ ‘ಮಾತ್ರೆ ಬಿಡು, ಅದೂ ಒಂದು ಚಟವೇ’ ಎಂದರೆ ಕೇಳಬೇಡಿ. ಸದಸ್ಯರು ವೈದ್ಯರಂತೆ ಸಲಹೆ ಕೊಡಬಾರದೆಂದು ಎಎ ತಾನೇ ಹೇಳುತ್ತದೆ. ಸಾಲ ಕೇಳುವವರು, ಸಹಾನುಭೂತಿಯ ಹೆಸರಿನಲ್ಲಿ ಅತಿಯಾಗಿ ಹತ್ತಿರ ಬರುವವರು ಎಲ್ಲ ಕಡೆ ಇರುವಂತೆ ಅಲ್ಲೂ ಇರಬಹುದು, ದೂರವಿಡಿ.

ಮಾತ್ರೆಯಿಂದ ಆಗುವುದಿಲ್ಲವೇ ಎಂದು ಕೇಳಿದಿರಿ. ಸಹಾಯವಾಗುತ್ತದೆ. ನಾಲ್ಟ್ರೆಕ್ಸೋನ್ ಕುಡಿತದಿಂದ ಸಿಗುವ ಸುಖವನ್ನು ತಗ್ಗಿಸುತ್ತದೆ. ಯಕೃತ್ತು ತೀರಾ ಕೆಟ್ಟಿದ್ದರೆ, ಅಥವಾ ಅಫೀಮಿನ ಜಾತಿಯ ನೋವು ನಿವಾರಕ ತೆಗೆದುಕೊಳ್ಳುತ್ತಿದ್ದರೆ ಸಲ್ಲದು. ಅಕಾಂಪ್ರೊಸೇಟ್ ಬಿಟ್ಟ ಮೇಲಿನ ಚಡಪಡಿಕೆಗೆ ಒಳ್ಳೆಯದು. ದಿನಕ್ಕೆ ಮೂರು ಹೊತ್ತು ನುಂಗಬೇಕು, ಮೂತ್ರಪಿಂಡ ಸರಿಯಿರಬೇಕು. ಡೈಸಲ್ಫಿರಾಮ್ ಬೇರೆಯ ಬಗೆಯದು. ಅದನ್ನು ತೆಗೆದುಕೊಂಡು ಕುಡಿದರೆ ಮುಖ ಕೆಂಪೇರಿ, ವಾಂತಿ, ಎದೆಬಡಿತ, ರಕ್ತದೊತ್ತಡ ಕುಸಿತ ಆಗುತ್ತವೆ. ತಿಳಿದು, ಒಪ್ಪಿ, ಪತ್ನಿಯ ಎದುರಿನಲ್ಲಿ ದಿನವೂ ನುಂಗುವವರಿಗೆ ಅದು ಒಳ್ಳೆಯ ಬೇಲಿ. ಊಟದಲ್ಲಿ ಗುಟ್ಟಾಗಿ ಬೆರೆಸುವ ‘ಕುಡಿತ ಬಿಡಿಸುವ ಪುಡಿ’ಗಳಲ್ಲಿ ಕೆಲವೊಮ್ಮೆ ಇರುವುದೂ ಇದೇ. ನಿಮ್ಮಷ್ಟು ಕುಡಿಯುವವರಿಗೆ, ಹೃದಯದ ತೊಂದರೆ ಇದ್ದರಂತೂ, ಅದು ಪ್ರಾಣಕ್ಕೇ ಎರವಾಗಬಹುದು. ಕೊನೆಯ ಮಾತ್ರೆ ನುಂಗಿದ ಎರಡು ವಾರದವರೆಗೂ ಅದರ ಪರಿಣಾಮ ಉಳಿಯುತ್ತದೆ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳೂ ನಿಮ್ಮ ಕಿವಿಗೆ ಬಿದ್ದಿರುತ್ತವೆ. ಶಿಬಿರದ ನಂತರ ನವಜೀವನ ಸಮಿತಿಯಾಗಿ ಜನ ಒಟ್ಟಿಗೆ ಉಳಿಯುವುದು ಅದರ ದೊಡ್ಡ ಗುಣ. ಭಕ್ತಿಯ ವಾತಾವರಣ ಅಲ್ಲಿಯೂ ಇದೆ. ನಿಮ್ಮ ವಿಷಯದಲ್ಲಿ ಮೊದಲು ಆಸ್ಪತ್ರೆ, ಆಮೇಲೆ ಶಿಬಿರ. ಹಾಗೆಯೇ, ಮನೆಯವರ ದುಡ್ಡು ಪಡೆದು ಬಲವಂತವಾಗಿ ಎತ್ತಿಕೊಂಡು ಹೋಗಿ ತಿಂಗಳುಗಟ್ಟಲೆ ಕೂಡಿಹಾಕುವ, ನೋಂದಣಿಯಿಲ್ಲದ ಕೇಂದ್ರಗಳಿಂದ ದೂರವಿರಿ. ಅಲ್ಲಿಂದ ಪೆಟ್ಟು ತಿಂದು ಬಂದವರ ಗಾಯಗಳನ್ನು ನಾನು ನೋಡಿದ್ದೇನೆ.

ಒಂದು ಸಮಾಧಾನದ ಮಾತು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ನೀವು ವೈದ್ಯರನ್ನು ಕಂಡಿದ್ದೀರಿ, ಒಂದು ಸಭೆಗೂ ಹೋಗಿ ಬಂದಿದ್ದೀರಿ. ಅರ್ಧ ಮನಸ್ಸಿನಿಂದಲೇ ಇರಲಿ, ಅದು ಸಣ್ಣದಲ್ಲ. ಮುಂದೆ ಬಿಟ್ಟ ಮೇಲೆ ಒಮ್ಮೆ ಜಾರಿದರೆ ಎಲ್ಲ ಮುಗಿಯಿತೆಂದು ತಿಳಿಯಬೇಡಿ, ಮಾರನೆಯ ಸಂಜೆಯ ಸಭೆಗೆ ಹೋಗಿ ಅದನ್ನೇ ಹೇಳಿ.

ಈ ಉತ್ತರವನ್ನು ನಿಮ್ಮ ಪತ್ನಿಗೂ ಓದಲು ಕೊಡಿ, ಡೈಸಲ್ಫಿರಾಮ್‌ನ ಭಾಗವನ್ನು ಮುಖ್ಯವಾಗಿ. ಅವರು ಪುಡಿ ಹುಡುಕಿದ್ದು ಕೇಡು ಬಯಸಿ ಅಲ್ಲ, ದಾರಿ ಕಾಣದೆ. ಕುಡಿಯುವವರ ಮನೆಯವರಿಗೆಂದೇ ಅಲ್‌-ಅನಾನ್ ಎಂಬ ಗುಂಪುಗಳಿವೆ, ನೀವು ಸಭೆಗೆ ಹೋಗಲಿ ಬಿಡಲಿ, ಅವರು ಹೋಗಬಹುದು. ಹತ್ತಿರದಲ್ಲಿ ಯಾರನ್ನು ಕಾಣಬೇಕೆಂದು ತಿಳಿಯದಿದ್ದರೆ ಟೆಲಿ ಮಾನಸ್‌ನ 14416 ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ, ಎರಡೂ ಉಚಿತ. ವೈದ್ಯರ ಬಳಿ ಹೋಗುವಾಗ ಪತ್ನಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಗೋಡೆಯ ಮೇಲೆ ಕಂಡದ್ದನ್ನು ಮೊದಲ ವಾಕ್ಯದಲ್ಲೇ ಹೇಳಿ.